ಗುಂಡಣ್ಣನ ಬಿಂದು

ಗುಂಡಣ್ಣ ಬಂದವನೇ ಬೆಂಚಿನ ಮೇಲೆ ಕೂರಲಿಲ್ಲ. ನಿಂತ ಹಾಗೇ ಫೋನನ್ನು ನಮ್ಮ ಮುಖಕ್ಕೆ ಹಿಡಿದ.

"ನೋಡ್ರಯ್ಯ, ನಾನು ಯಾರು ಅಂತ ಇವತ್ತು ಗೊತ್ತಾಯ್ತು."

"ಅರವತ್ತೆರಡಕ್ಕೆಲ್ಲ ಗೊತ್ತಾಗಿಬಿಡ್ತಾ? ಋಷಿಗಳಿಗೂ ಇಷ್ಟು ಬೇಗ ಗೊತ್ತಾಗ್ತಿರಲಿಲ್ಲ ಕಣೋ" ಅಂದ ಶೇಷಗಿರಿ, ಫೋನಿನ ಕಡೆ ತಿರುಗದೆ.

ಪದ್ಮಕ್ಕ ಕನ್ನಡಕ ಏರಿಸಿದರು. "ಏನಿದು ಗುಂಡಣ್ಣ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ, ಕೆಳಗೆ ಒಂದು ಕೆಂಪು ಚುಕ್ಕೆ. ಕಣ್ಣಿನ ಡಾಕ್ಟ್ರ ಹತ್ರ ಹೋಗಿದ್ಯಾ?"

"ಚುಕ್ಕೆ ಅನ್ಬೇಡಿ ಅಕ್ಕ, ಅದು ಬಿಂದು. ನನ್ನ ರಾಜಕೀಯ ಬಿಂದು. ಅರವತ್ತು ಪ್ರಶ್ನೆಗೆ ಉತ್ತರ ಕೊಟ್ಟಿದೀನಿ. ನಾನು ಎಡಕ್ಕೆ ಮೂರೂಕಾಲು, ಕೆಳಕ್ಕೆ ಎರಡೂವರೆ."

"ಮೇಲಕ್ಕೆ ಎಷ್ಟು?"

"ಮೇಲಕ್ಕೆ ಇಲ್ಲ. ಮೇಲೆ ಇರೋರು ಸರ್ವಾಧಿಕಾರದ ಕಡೆಯೋರು. ಕೆಳಗಿರೋರು ಸ್ವಾತಂತ್ರ್ಯದ ಕಡೆಯೋರು. ಅಡ್ಡಗೆರೆ ಆರ್ಥಿಕ ನೀತಿ, ಉದ್ದಗೆರೆ ಸಾಮಾಜಿಕ ನೀತಿ."

"ವಿದೇಶಾಂಗ ನೀತಿ?"

ಗುಂಡಣ್ಣ ಫೋನು ತಿರುಗಿಸಿ ನೋಡಿದ. ಮಗ್ಗುಲಲ್ಲೆಲ್ಲೂ ಇರಲಿಲ್ಲ. "ಅದೂ ಒಳಗೆಲ್ಲೋ ಸೇರಿರತ್ತೆ."

"ಮೂರನೇ ಗೆರೆ ಎಳೆದ್ರೆ ಕಾಗದದಿಂದ ಆಚೆಗೆ ನಿಗುರಿ ನಿಲ್ಲಬೇಕಲ್ಲ. ಓದೋರ ಕಣ್ಣಿಗೆ ಚುಚ್ಚುತ್ತೆ ಅಂತ ಬಿಟ್ಟಿರ್ತಾರೆ" ಅಂದರು ಪದ್ಮಕ್ಕ.

ಈ ಪಿಡುಗು ತಂದವನು ಪುಟ್ಟು. ಹೋದ ವಾರ ಎಲ್ಲರ ಫೋನಿಗೂ ಕಳಿಸಿ ತುಂಬಿಸಿದ್ದ. ಶೇಷಗಿರಿ ಫೋನಿನಲ್ಲಿ ಓದಲ್ಲ ಅಂತ ಎಲ್ಲರ ಉತ್ತರಗಳನ್ನೂ ಮುದ್ರಿಸಿ ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ. ಈಗ ಎರಡು ಜನ ಸೇರಿದ ಕಡೆಯೆಲ್ಲ ಇದೇ ಮಾತು. ಹೇಗಿದೀರ ಅಂತ ಕೇಳಿದ್ರೆ ಎಡಕ್ಕೆ ನಾಲ್ಕು ಅಂತಾರೆ, ಸಂಕೋಚವೇ ಇಲ್ಲ.

"ಜಾತಕದಲ್ಲಾದ್ರೂ ಹನ್ನೆರಡು ಮನೆ ಇತ್ತು" ಅಂದ ಶೇಷಗಿರಿ. "ಇದರಲ್ಲಿ ನಾಲ್ಕೇ. ಇಡೀ ಪ್ರಪಂಚದ ಜನ ನಾಲ್ಕು ಮನೆಯಲ್ಲಿ ಬಾಡಿಗೆಗೆ."

"ಅದಕ್ಕೂ ಇದಕ್ಕೂ ಹೋಲಿಸ್ಬೇಡ. ಇದು ವಿಜ್ಞಾನ. ಎಡ-ಬಲ ಅನ್ನೋದಕ್ಕೆ ಇತಿಹಾಸ ಇದೆ."

"ಇದೆ ಇದೆ. 1789, ಫ್ರಾನ್ಸ್. ರಾಜನಿಗೆ ವೀಟೋ ಇರಬೇಕೋ ಬೇಡವೋ ಅಂತ ಅಸೆಂಬ್ಲಿಯಲ್ಲಿ ಜಗಳ. ಇರಲಿ ಅಂದೋರು ಅಧ್ಯಕ್ಷರ ಬಲಕ್ಕೆ ಕೂತ್ರು, ಬೇಡ ಅಂದೋರು ಎಡಕ್ಕೆ. ಕೂತ ಕುರ್ಚಿಯಿಂದ ಸಿದ್ಧಾಂತ ಹುಟ್ಟಿತು. ಆಮೇಲೆ ಎಲ್ಲಾ ಕಡೆ ಸಿದ್ಧಾಂತದಿಂದ ಕುರ್ಚಿ ಹುಟ್ಟಿಸೋದು ಕಲಿತರು, ಅದು ಬೇರೆ ಮಾತು. ಎದುರುಗಡೆಯಿಂದ ನೋಡಿದ್ರೆ ಅವತ್ತೂ ಎಡ ಬಲವೇ."

"ಅದಕ್ಕೇ ಇನ್ನೊಂದು ಗೆರೆ ಸೇರಿಸಿರೋದು" ಅಂದ ಪುಟ್ಟು, ಮಾವಂದಿರ ಮಧ್ಯೆ ಬಾಯಿ ಹಾಕೋದಕ್ಕೆ ಸ್ವಲ್ಪ ಹಿಂಜರಿಯುತ್ತ. "ಡೇವಿಡ್ ನೋಲನ್ ಅನ್ನೋ ಅಮೆರಿಕದವರು 1971ರಲ್ಲಿ ಇಂಥದ್ದೇ ಒಂದು ಚಾರ್ಟ್ ಪ್ರಕಟಿಸಿದ್ರು. ಆರ್ಥಿಕ ಸ್ವಾತಂತ್ರ್ಯಕ್ಕೆ ಒಂದು ಗೆರೆ, ವೈಯಕ್ತಿಕ ಸ್ವಾತಂತ್ರ್ಯಕ್ಕೆ ಒಂದು."

"ಎರಡಕ್ಕೂ ಪೂರ್ತಿ ಅಂಕ ಸಿಗೋ ಮೂಲೆ ಯಾರದ್ದು?"

"ಲಿಬರ್ಟೇರಿಯನ್ನರದ್ದು. ಸರ್ಕಾರ ಯಾವುದಕ್ಕೂ ಜಾಸ್ತಿ ಕೈ ಹಾಕಬಾರದು ಅನ್ನೋರದ್ದು."

"ಆತ ಯಾವ ಪಕ್ಷ ಕಟ್ಟಿದೋನು?"

ಪುಟ್ಟು ತಲೆ ಕೆರೆದುಕೊಂಡ. "ಲಿಬರ್ಟೇರಿಯನ್ ಪಕ್ಷ ಶುರು ಮಾಡಿದೋರಲ್ಲಿ ಅವರೂ ಒಬ್ಬರು. ಅದೇ ವರ್ಷ."

"ಸರಿ ಬಿಡು. ನಕ್ಷೆ ಬರೆದವನ ಮನೆ ತಗ್ಗಿನಲ್ಲಿ ಯಾಕಿರುತ್ತೆ!"

ಗುಂಡಣ್ಣನಿಗೆ ರೇಗಿತು. ತನ್ನ ಬಿಂದುವಿನ ಬಗ್ಗೆ ಯಾರೂ ಕೇಳುತ್ತಿಲ್ಲ. "ನೀನು ಏನೇ ಹೇಳು ಶೇಷ, ಮನುಷ್ಯ ಅಂದಮೇಲೆ ಒಂದು ನಿಲುವು ಇರಬೇಕು. ನಿಲುವು ಅಂದಮೇಲೆ ಅದಕ್ಕೊಂದು ಜಾಗ ಇರಬೇಕು."

"ಹಾಗಾದ್ರೆ ಜರ್ಮನಿ ಆಳಿದ ಬಿಸ್ಮಾರ್ಕ್‌ನ ಎಲ್ಲಿಡ್ತೀಯ? 1878ರಲ್ಲಿ ಸಮಾಜವಾದಿಗಳ ಸಭೆ, ಪತ್ರಿಕೆ ಎಲ್ಲಾ ನಿಷೇಧ ಮಾಡಿದ. 1883ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದ, 1889ರಲ್ಲಿ ಎಪ್ಪತ್ತು ತುಂಬಿದೋರಿಗೆ ಪಿಂಚಣಿ ಕೊಟ್ಟ. ಅಂಗಡಿಗೆ ಬೀಗ ಹಾಕಿ ಸರಕನ್ನ ತಾನೇ ಹಂಚಿದ."

"ಎರಡೂ ಸೇರಿಸಿ ಭಾಗಿಸಿದ್ರೆ ಮಧ್ಯಕ್ಕೆ ಬರ್ತಾನೆ."

"ಪೂರ್ವಕ್ಕೆ ಹತ್ತು ಮೈಲಿ, ಪಶ್ಚಿಮಕ್ಕೆ ಹತ್ತು ಮೈಲಿ ನಡೆದು ಸುಸ್ತಾದೋನನ್ನ ಮನೆ ಬಿಟ್ಟು ಕದಲೇ ಇಲ್ಲ ಅಂದ ಹಾಗಾಯ್ತು. ಹೋಗ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಹೇಳು. ಕಮ್ಯುನಿಸ್ಟರನ್ನ ಬೈದು ಬೈದೇ ಮೇಲೆ ಬಂದವನು. 1971ರಲ್ಲಿ ಬೆಲೆ, ಕೂಲಿ ಎಲ್ಲಾ ತೊಂಬತ್ತು ದಿನ ಏರಿಸೋ ಹಾಗಿಲ್ಲ ಅಂತ ಆಜ್ಞೆ ಹೊರಡಿಸಿದ. ಮಾರನೇ ವರ್ಷ ಬೀಜಿಂಗಿಗೆ ಹೋಗಿ ಮಾವೋ ಕೈ ಕುಲುಕಿದ. ಇವನ ಬಿಂದು?"

"ಇವೆಲ್ಲಾ ದೊಡ್ಡೋರ ವಿಷಯ. ನನ್ನಂಥೋನು ಹಾಗೆಲ್ಲ ಬದಲಾಯಿಸಲ್ಲ."

"ಅದೂ ನಿಜ. ದೊಡ್ಡೋರು ಕೆಲಸ ಆಗಬೇಕು ಅಂತ ಬದಲಾಗ್ತಾರೆ. ನಮಗೆ ಕೆಲಸವೇ ಇಲ್ಲವಲ್ಲ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಗುಂಡಣ್ಣ, ಏನೂ ಆಸಕ್ತಿ ಇಲ್ಲದವನ ಹಾಗೆ, ಎಲ್ಲೋ ನೋಡುತ್ತ ಕೇಳಿದ: "ಪುಟ್ಟು, ವಾಸೂಗೂ ಕಳಿಸಿದ್ಯಂತೆ?"

"ಹೂಂ ಮಾವ. ತುಂಬಿದ್ರು."

"ಎಲ್ಲಿ ಬಂತು ಅವನ ಬಿಂದು?"

"ಬಲಗಡೆ. ಮೇಲೆ."

"ಗೊತ್ತಿತ್ತು ನಂಗೆ!" ಗುಂಡಣ್ಣ ತೊಡೆ ತಟ್ಟಿದ. "ಎಷ್ಟು ದೂರ? ನನ್ನದಕ್ಕೂ ಅವನದ್ದಕ್ಕೂ?"

"ಫೋನಿನಲ್ಲಿ ನೋಡಿದ್ರೆ ಎರಡು ಬೆರಳು ಅಗಲ. ಕಾಗದದಲ್ಲಿ ನೋಡಿದ್ರೆ ಒಂದು ಗೇಣು."

ವಾಸು ಈ ಬೆಂಚಿಗೆ ಬರೋದು ಬಿಟ್ಟು ನಾಲ್ಕು ತಿಂಗಳಾಯಿತು. ಎಲ್ಲೋ ಎರಡು ದೇಶಗಳು ಹೊಡೆದಾಡಿದವು. ತಪ್ಪು ಯಾರದ್ದು ಅನ್ನೋದರ ಮೇಲೆ ಇಲ್ಲಿ ಇವರಿಬ್ಬರೂ ಮಾತು ಬಿಟ್ಟರು. ಆ ದೇಶಗಳು ಕದನವಿರಾಮ ಮಾಡಿಕೊಂಡು ಈಗ ವ್ಯಾಪಾರದ ಮಾತಾಡುತ್ತಿವೆ. ಇವರ ಗಡಿಯಲ್ಲಿ ಮಾತ್ರ ಪರಿಸ್ಥಿತಿ ಇನ್ನೂ ಬಿಗುವಾಗಿದೆ.

"ಸರಿ, ನಿನ್ನ ಬಿಂದುವನ್ನೇ ನೋಡೋಣ" ಅಂದ ಶೇಷಗಿರಿ. "ಕೊಡೋ ಪುಟ್ಟು ಆ ಕಾಗದ. ಅದಲ್ಲ, ಅದರ ಕೆಳಗಿಂದು."

ಪುಟ್ಟು ಏನೋ ಹೇಳಹೊರಟ. ಶೇಷಗಿರಿ ಕನ್ನಡಕದ ಮೇಲಿಂದ ಒಮ್ಮೆ ನೋಡಿದ. ಪುಟ್ಟು ಬ್ಯಾಗಿನ ಜಿಪ್ಪು ರಿಪೇರಿಯಲ್ಲಿ ಮಗ್ನನಾದ.

"ಏಳನೇ ಪ್ರಶ್ನೆ. ಶ್ರೀಮಂತರ ಮೇಲೆ ಇನ್ನೂ ಹೆಚ್ಚು ತೆರಿಗೆ ಹಾಕಬೇಕು. ಉತ್ತರ: ಒಪ್ಪುವುದಿಲ್ಲ. ಯಾಕೆ ಗುಂಡ?"

ಗುಂಡಣ್ಣನ ಹುಬ್ಬು ಒಂದು ಕ್ಷಣ ಗಂಟಾಯಿತು. ಮರುಕ್ಷಣ ಬಿಚ್ಚಿಕೊಂಡಿತು. "ಯಾಕೆ ಅಂದ್ರೆ... ನೋಡು, ಹಾಕೋದು ಸುಲಭ. ವಸೂಲು? ಅವರ ಹತ್ರ ಲೆಕ್ಕಪರಿಶೋಧಕರಿರ್ತಾರೆ, ದುಡ್ಡು ರಾತ್ರೋರಾತ್ರಿ ಇನ್ನೊಂದು ದೇಶಕ್ಕೆ ಹಾರತ್ತೆ. ಕೊನೆಗೆ ಸಿಕ್ಕಿಬೀಳೋದು ಸಂಬಳದೋನು. ಬಹಳ ಯೋಚನೆ ಮಾಡಿ ಬರೆದದ್ದು ಅದು."

"ಭಲೆ. ಹದಿನೇಳು. ಶಾಂತಿಗಾಗಿ ರಕ್ಷಣಾ ವೆಚ್ಚ ಕಡಿಮೆ ಮಾಡಬೇಕು. ಉತ್ತರ: ಖಂಡಿತ ಒಪ್ಪುವುದಿಲ್ಲ."

"ಖಂಡಿತ ಅಂತ ಬರೆದಿದೀನಾ?"

"ಬರೆದಿದೆ."

"ಮತ್ತೆ? ಬಾಗಿಲು ಗಟ್ಟಿ ಇದ್ದೋನೇ ಕಣೋ ಪಕ್ಕದ ಮನೆಯೋನ ಹತ್ರ ನಗ್ತಾ ಮಾತಾಡೋದು. ಬಾಗಿಲೇ ಇಲ್ದೋನು ರಾತ್ರಿಯೆಲ್ಲ ಅನುಮಾನ ಪಡ್ತಾನೆ." ಹೇಳಿದ ಮಾತು ಅವನಿಗೇ ಹಿಡಿಸಿತು. ಕೊನೆಗೂ ಬೆಂಚಿನ ಮೇಲೆ ಕೂತ, ಕಾಲ ಮೇಲೆ ಕಾಲು ಹಾಕಿದ. "ಮುಂದೆ ಓದು."

ಶೇಷಗಿರಿ ಓದಿದ. ಆಮದಿನ ಮೇಲೆ ಸುಂಕ, ಅಪರಾಧಿಗಳಿಗೆ ಶಿಕ್ಷೆ, ಸರ್ಕಾರಿ ಕಂಪನಿಗಳ ಮಾರಾಟ, ಬೇರೆ ದೇಶದ ಜಗಳದಲ್ಲಿ ತಲೆ ಹಾಕೋದು. ಒಂದೊಂದಕ್ಕೂ ಗುಂಡಣ್ಣ ಮೊದಲು ಒಂದು ಸಲ ಕಣ್ಣು ಮಿಟುಕಿಸಿ, ಆಮೇಲೆ ಐದು ನಿಮಿಷ ಸಮರ್ಥಿಸಿದ. ಸುಂಕದ ವಿಷಯಕ್ಕಂತೂ ಎದ್ದು ನಿಂತು ಮಾತಾಡಿದ. ಇಷ್ಟು ಚೆನ್ನಾಗಿ ಅವನು ಮಾತಾಡಿದ್ದನ್ನು ನಾನು ಈಚೆಗೆ ಕೇಳಿರಲಿಲ್ಲ. ಎಡಕ್ಕೆ ಮೂರೂಕಾಲು ಇರುವ ಮನುಷ್ಯ ಇದನ್ನೆಲ್ಲ ಹೇಗೆ ಒಪ್ಪುತ್ತಾನೆ ಅಂತ ಪದ್ಮಕ್ಕ ಒಂದು ಸಲ ಕೇಳಿದ್ದಕ್ಕೆ, "ಸೂಕ್ಷ್ಮ ಇದೆ ಅಕ್ಕ, ನಿಮಗೆ ಗೊತ್ತಾಗಲ್ಲ" ಅಂದ.

"ಇಷ್ಟಾದ್ರೂ ಒಂದು ಮಾತು" ಅಂತ ಪದ್ಮಕ್ಕ ಬಿಡಲಿಲ್ಲ. "ಇದರಲ್ಲಿ 'ಗೊತ್ತಿಲ್ಲ' ಅನ್ನೋ ಉತ್ತರವೇ ಇಲ್ಲವಲ್ಲ. ನನಗೆ ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗೆ ಅದೇ ಉತ್ತರ. ಪುಟ್ಟು ಬಿಡಲಿಲ್ಲ, ಯಾವುದಾದ್ರೂ ಒಂದು ಒತ್ತಿ ಅಂದ. ಒತ್ತಿದೆ. ಈಗ ನಾನೂ ಎಲ್ಲೋ ಒಂದು ಕಡೆ ಬಿಂದುವಾಗಿ ಕೂತಿದೀನಿ."

"ಗೊತ್ತಿಲ್ಲ ಅನ್ನೋದು ಜನಕ್ಕೆ ಕಷ್ಟ ಪದ್ಮಕ್ಕ" ಅಂದ ಶೇಷಗಿರಿ. "ಅಮೆರಿಕದ ಸಿನ್ಸಿನಾಟಿಯಲ್ಲಿ ಸಂಶೋಧಕರು ಜನರನ್ನ ಕೇಳಿದ್ರಂತೆ, 1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ ರದ್ದು ಮಾಡಬೇಕೋ ಬೇಡವೋ ಅಂತ. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಅಭಿಪ್ರಾಯ ಕೊಟ್ರು. ಅಂಥ ಕಾಯ್ದೆಯೇ ಇರಲಿಲ್ಲ."

ಗುಂಡಣ್ಣ ಬಿದ್ದು ಬಿದ್ದು ನಕ್ಕ. "ಎಂಥಾ ಜನ ಇರ್ತಾರಪ್ಪ!"

"ಇನ್ನೊಂದಿದೆ ಕೇಳು. ಸ್ವೀಡನ್, 2010ರ ಚುನಾವಣೆ ಮುಂಚೆ. ಜನರ ಕೈಲಿ ಇಂಥದ್ದೇ ಪ್ರಶ್ನೆಪತ್ರ ತುಂಬಿಸಿದ್ರು. ಆಮೇಲೆ ಕೈಚಳಕದಲ್ಲಿ ಕೆಲವು ಉತ್ತರ ಬದಲಾಯಿಸಿ, ಇದು ನಿಮ್ಮದೇ, ಯಾಕೆ ಹೀಗೆ ಬರೆದ್ರಿ ಅಂತ ಕೇಳಿದ್ರು. ಬದಲಾದ ಉತ್ತರಗಳಲ್ಲಿ ಜನ ಪತ್ತೆ ಹಚ್ಚಿದ್ದು ನೂರಕ್ಕೆ 22 ಮೀರಲಿಲ್ಲ. ಹೀಗೆ ತಿರುಚಿದ ಉತ್ತರಗಳಿಂದ ಬಂದ ಒಟ್ಟು ಅಂಕವನ್ನ ನನ್ನದೇ ಅಂತ ಒಪ್ಪಿಕೊಂಡೋರು ನೂರಕ್ಕೆ 92."

"ಅಯ್ಯೋ ಶಿವನೇ!" ಗುಂಡಣ್ಣನ ಕಣ್ಣಲ್ಲಿ ನೀರು ಬಂತು, ನಕ್ಕೂ ನಕ್ಕೂ. "ತಾನು ಬರೆದದ್ದು ತನಗೆ ನೆನಪಿರಲ್ವೇನೋ? ಬುದ್ಧಿ ಅಡವಿಟ್ಟು ಬಂದಿದ್ರಾ?"

ಯಾರೂ ನಗಲಿಲ್ಲ. ಪುಟ್ಟು ಜಿಪ್ಪನ್ನು ಆ ತುದಿಯಿಂದ ಈ ತುದಿಗೆ ಎಳೆದ. ಪದ್ಮಕ್ಕ ಸೆರಗಿನಿಂದ ಕನ್ನಡಕ ಒರೆಸುತ್ತ ಕೂತರು.

ಗುಂಡಣ್ಣನ ನಗು ನಿಧಾನವಾಗಿ ಇಳಿಯಿತು. ಅವನು ಶೇಷಗಿರಿಯ ಕೈಯಿಂದ ಕಾಗದ ಕಿತ್ತುಕೊಂಡ. ಮೇಲುಗಡೆ ಹೆಸರು ನೋಡಿದ. ಹಿಂದುಗಡೆ ತಿರುಗಿಸಿ ನೋಡಿದ, ಅಲ್ಲಿ ಬೇರೆ ಹೆಸರಿರಬಹುದು ಅನ್ನೋ ಹಾಗೆ.

"ಇದು ವಾಸೂದು."

"ಹೌದು."

"ಅಂದ್ರೆ ನಾನು ಇಷ್ಟೊತ್ತು..."

"ಅರ್ಧ ಗಂಟೆ. ಅವನೇ ಬಂದಿದ್ರೂ ಅವನ ಪರವಾಗಿ ಇಷ್ಟು ಚೆನ್ನಾಗಿ ಮಾತಾಡ್ತಿರಲಿಲ್ಲ. ಅವನಿಗೆ ಕೋಪ ಬಂದ್ರೆ ನಾಲಿಗೆ ತೊದಲುತ್ತೆ, ಗೊತ್ತಲ್ಲ."

ಗುಂಡಣ್ಣ ಉತ್ತರ ಕೊಡಲಿಲ್ಲ. ಬೈಯುತ್ತಾನೆ ಅಂದುಕೊಂಡೆವು. ಅವನು ಕಾಗದದ ಮೇಲೆ ಬೆರಳು ಇಳಿಸುತ್ತ ಹೋದ. ಒಂದು ಕಡೆ ನಿಲ್ಲಿಸಿದ.

"ನಲವತ್ತೊಂದು ನೋಡು. 'ಅಭಿಪ್ರಾಯ ಬೇರೆಯಾದವರ ಜತೆ ಸ್ನೇಹ ಕಷ್ಟ.' ಒಪ್ಪುವುದಿಲ್ಲ ಅಂತ ಹಾಕಿದಾನೆ."

"ನೀನೇನು ಹಾಕಿದೀಯ?" ಪದ್ಮಕ್ಕ ಕೇಳಿದರು.

"ನೆನಪಿಲ್ಲ."

ಪುಟ್ಟು ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆಯಹೋದ. "ಬೇಡ, ಅಲ್ಲೇ ಇರಲಿ" ಅಂದ ಗುಂಡಣ್ಣ, ಸ್ವಲ್ಪ ಜೋರಾಗಿಯೇ. ಕೈಯಲ್ಲಿದ್ದ ಕಾಗದವನ್ನು ಮಡಿಸಿ ಜೇಬಿಗಿಟ್ಟ.

"ಅದ್ಯಾಕೋ ನಿನಗೆ?"

"ಅವನಿಗೆ ಕೊಡ್ಬೇಕಲ್ಲ. ಅವನದು ಅವನ ಹತ್ರ ಇರಲಿ." ಎದ್ದು ನಾಲ್ಕು ಹೆಜ್ಜೆ ಹೋದವನು ಮತ್ತೆ ತಿರುಗಿ ಬಂದ. "ಆ ಸುಂಕದ್ದು ಮಾತ್ರ ಅವನು ಬರೆದಿರೋದು ತಪ್ಪು ಕಣೋ. ಅದನ್ನ ಅವನಿಗೆ ಹೇಳೇಬೇಕು."

"ನೀನೇ ಎದ್ದು ನಿಂತು ಸಮರ್ಥಿಸಿದ್ಯಲ್ಲೋ!"

"ಅದು ನನ್ನದು ಅಂದ್ಕೊಂಡಿದ್ದೆ" ಅಂದು, ವಾಸುವಿನ ಮನೆಯ ದಿಕ್ಕಿಗೆ ಹೊರಟ.