ಅಪ್‌ಡೇಟ್: ಅವ್ವನ ಗಡ್ಡೆಗೆ ಗಾಮಾ ನೈಫ್ ಆಯ್ತು

ಅವ್ವನ ಎಡಗಿವಿಯ ನರದ ಮೇಲೆ 2 ಸೆಂ.ಮೀ. ಗಡ್ಡೆ ಇದೆ, ತಲೆ ತೆರೆಯದೆ ಚಿಕಿತ್ಸೆ ಇದೆಯಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ದಾರಿ ತೋರಿಸಿದವರಿಗೆಲ್ಲ ನಮಸ್ಕಾರ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬಂದೆವು.

ಗಾಮಾ ನೈಫ್ ಅನ್ನೋ ಹೆಸರು ಕೇಳಿಯೇ ಅವ್ವ ಹೆದರಿದ್ದಳು. ನೈಫ್ ಅಂದರೂ ಅಲ್ಲಿ ಚಾಕು ಇಲ್ಲ. ಕೋಬಾಲ್ಟ್-60 ಅನ್ನೋ ವಿಕಿರಣ ಸೂಸುವ ಲೋಹದಿಂದ ಹೊರಡುವ ಸುಮಾರು 200 ಸಣ್ಣ ಕಿರಣಗಳು ಗಡ್ಡೆಯಲ್ಲಿ ಒಂದೇ ಕಡೆ ಸೇರುತ್ತವೆ. ಒಂದೊಂದು ಕಿರಣದ ಬಲ ಕಡಿಮೆ, ಹಾಗಾಗಿ ದಾರಿಯಲ್ಲಿರುವ ಮಿದುಳಿಗೆ ಪೆಟ್ಟು ಜಾಸ್ತಿ ಆಗಲ್ಲ. ತಲೆ ಅಲುಗಾಡದಂತೆ ನಾಲ್ಕು ಪಿನ್ನಿನ ಫ್ರೇಮ್ ಬಿಗಿಯುತ್ತಾರೆ. ಅದಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವಾಗ ಮಾತ್ರ ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಸಂಜೆ ಹಣೆಗೆ ಪಟ್ಟಿ ಕಟ್ಟಿಕೊಂಡೇ ಮೊಸರನ್ನ ಉಂಡಳು.

ನಿಮ್ಮಲ್ಲಿ ಕೆಲವರು ಲೇಸರ್ ಚಿಕಿತ್ಸೆ ಬಗ್ಗೆ ಹೇಳಿದ್ರಲ್ಲ, ಅದನ್ನೂ ಡಾಕ್ಟರಿಗೆ ಕೇಳಿದೆ. ಬುರುಡೆಗೆ ಸಣ್ಣ ತೂತು ಮಾಡಿ, ಎಳೆಯಂಥ ಫೈಬರ್ ಇಳಿಸಿ, ಎಂಆರ್‌ಐನಲ್ಲಿ ನೋಡುತ್ತಾ ಗಡ್ಡೆಯನ್ನು ಕಾವಿನಿಂದ ಸುಡುತ್ತಾರೆ. ಅವ್ವನಿಗೆ ಅದು ಹೊಂದಲ್ಲ ಅಂದರು.

ಗಡ್ಡೆ ಕೂಡಲೇ ಮಾಯವಾಗಲ್ಲ. ಬೆಳೆಯದಂತೆ ತಡೆಯುವುದೇ ಗುರಿ. ಎಡಗಿವಿಯಲ್ಲಿ ಹೋದ ಕೇಳುವ ಶಕ್ತಿ ಮರಳಿ ಬರಲ್ಲ, ಅದೇ ಸಂಕಟ. 6 ತಿಂಗಳಿಗೆ ಮತ್ತೆ ಎಂಆರ್‌ಐ ಇದೆ. ಈಗ ನಾನು ಅವಳ ಬಲಗಡೆಯೇ ಕೂತು ಮಾತಾಡುತ್ತೇನೆ.