ಹೊರಾಂಗಣ ಕಾವಲಿ ಅಡುಗೆಗೆ ಸ್ಕ್ವೀಜ್ ಬಾಟಲಿಗಳು: ಯಾವುದರಲ್ಲಿ ಏನು, ಎಷ್ಟು, ಹೇಗೆ?

ಪ್ರಶ್ನೆ: ಮಾನ್ಯರೇ, ಮನೆಯ ಹೊರಗೆ ಅಡುಗೆ ಮಾಡಲೆಂದು ಗ್ಯಾಸಿನಿಂದ ಕಾಯುವ, ಉಕ್ಕಿನ ಅಗಲವಾದ ಚಪ್ಪಟೆ ಕಾವಲಿಯೊಂದನ್ನು ಇತ್ತೀಚೆಗೆ ಕೊಂಡಿದ್ದೇವೆ. ಇಂತಹ ಕಾವಲಿಯ ಮುಂದೆ ನಿಂತು ಅಡುಗೆ ಮಾಡುವವರ ಪಕ್ಕದಲ್ಲಿ ಚೂಪು ಮೂತಿಯ ಪ್ಲಾಸ್ಟಿಕ್ ಬಾಟಲಿಗಳು ಸಾಲಾಗಿ ಇರುವುದನ್ನು ಎಲ್ಲೆಡೆ ನೋಡುತ್ತೇನೆ. ಎಣ್ಣೆಯನ್ನು ಚಮಚದಿಂದ ಹಾಕಿದರೆ ಸಾಲದೇ? ಒಂದು ಬಾಟಲಿಯಲ್ಲಿ ಬರೀ ನೀರು ಇರುತ್ತದೆಯಂತೆ, ಅದರ ಉಪಯೋಗವೇನು? ಹೊಸಬರಿಗೆ ಎಷ್ಟು ಬಾಟಲಿಗಳು ಬೇಕಾಗುತ್ತವೆ ಎಂಬುದನ್ನು ದಯವಿಟ್ಟು ವಿವರಿಸಿ.

ಉತ್ತರ (ವೃತ್ತಿಯಿಂದ ಅಡುಗೆಯವರು): ಚಮಚದಿಂದ ಖಂಡಿತ ಹಾಕಬಹುದು. ಆದರೆ ಚಮಚದ ಎಣ್ಣೆ ಬಿದ್ದಲ್ಲೇ ಮಡುಗಟ್ಟುತ್ತದೆ. ಹೆಚ್ಚಿನ ಕಾವಲಿಗಳನ್ನು ಜಿಡ್ಡು ಹರಿದು ತಟ್ಟೆಗೆ ಸೇರಲೆಂದು ಸ್ವಲ್ಪ ಓರೆಯಾಗಿಯೇ ಕೂರಿಸಿರುತ್ತಾರೆ; ಹೀಗಾಗಿ ನೀವು ಹಾಕಿದ ಹೆಚ್ಚುವರಿ ಎಣ್ಣೆ ಆಹಾರಕ್ಕೆ ತಾಗದೆ ನೇರವಾಗಿ ಜಿಡ್ಡಿನ ತಟ್ಟೆಗೆ ಇಳಿದು, ಮುಂದೆ ಅಲ್ಲಿಯೇ ಬೆಂಕಿಗೆ ಆಹಾರವಾಗುವ ಸಾಧ್ಯತೆಯೂ ಇರುತ್ತದೆ. ಬಾಟಲಿಯಿಂದ ಎಣ್ಣೆಯನ್ನು ತೆಳ್ಳನೆಯ ಗೆರೆಗಳಾಗಿ ಎಳೆದು, ಸಟ್ಟುಗದ ಅಂಚಿನಿಂದ ಒಮ್ಮೆ ಹರಡಿದರೆ, ಬೇಕಾದ ಜಾಗಕ್ಕೆ ಬೇಕಾದಷ್ಟೇ ಪದರ ಕೂರುತ್ತದೆ. ಇನ್ನೊಂದು ಅನುಕೂಲವನ್ನು ಕೆಲಸದ ನಡುವೆಯೇ ಅರಿಯಬೇಕು: ಬಾಟಲಿ ಒಂದೇ ಕೈಯಲ್ಲಿ ನಡೆಯುತ್ತದೆ, ಆದ್ದರಿಂದ ಸಟ್ಟುಗ ಹಿಡಿದ ಕೈ ಬಿಡುವಾಗಿರಬೇಕಾಗಿಲ್ಲ.

ಹಾಗಿದ್ದರೂ ಒಂದೇ ಬಾಟಲಿ ಕೊಳ್ಳುವಿರಾದರೆ ಅದರಲ್ಲಿ ನೀರನ್ನೇ ತುಂಬಿ ಎಂದು ನಾನು ಹೇಳುತ್ತೇನೆ. ಎಣ್ಣೆಗೆ ಚಮಚ, ಕುಂಚ, ಬಟ್ಟೆ ಹೀಗೆ ಬೇರೆ ದಾರಿಗಳಿವೆ. ಕಾದ ಕಾವಲಿಯ ಮೇಲೆ ಒಂದು ಚಮಚದಷ್ಟು ನೀರನ್ನು ನಿಖರವಾಗಿ ಒಂದು ಮೂಲೆಗೆ ಬಿಡಲು ಬಾಟಲಿಯಷ್ಟು ಸಲೀಸಾದ ಸಾಧನ ಬೇರೊಂದಿಲ್ಲ. ಒಂದು ಮಿಲಿಲೀಟರ್ ನೀರು ಕುದಿದು ಆವಿಯಾದಾಗ ಸುಮಾರು 1.7 ಲೀಟರ್‌ನಷ್ಟು ಜಾಗವನ್ನು ತುಂಬುತ್ತದೆ. ದಪ್ಪನೆಯ ಮಾಂಸದ ತುಂಡು, ಗಟ್ಟಿ ತರಕಾರಿ, ಕರಗಬೇಕಾದ ಚೀಸ್, ಮೇಲ್ಭಾಗ ಬೇಯದ ಮೊಟ್ಟೆ ಇವುಗಳ ಮೇಲೆ ಗುಮ್ಮಟದಂತಹ ಮುಚ್ಚಳವನ್ನು ಇಟ್ಟು, ಅದರ ಅಂಚನ್ನು ತುಸು ಎತ್ತಿ, ಆಹಾರದ ಮೇಲಲ್ಲದೆ ಪಕ್ಕದ ಬರಿ ಲೋಹದ ಮೇಲೆ ಒಂದು ಚಿಮ್ಮು ನೀರು ಬಿಟ್ಟು ಮುಚ್ಚಿದರೆ, ಒಳಗೆ ತುಂಬಿಕೊಳ್ಳುವ ಆವಿಯೇ ಮೇಲಿನಿಂದ ಬೇಯಿಸುತ್ತದೆ. ಅಂಚನ್ನು ಎತ್ತುವಾಗ ನಿಮ್ಮಿಂದ ದೂರದ ಬದಿಯನ್ನೇ ಎತ್ತಿರಿ. ಆವಿಯಿಂದ ಆಗುವ ಸುಟ್ಟಗಾಯ ಎಣ್ಣೆಯದಕ್ಕಿಂತ ಕಡಿಮೆಯೇನಲ್ಲ.

ಕಾವಲಿ ಎಷ್ಟು ಕಾದಿದೆ ಎಂದು ತಿಳಿಯಲೂ ಆ ನೀರೇ ಸಾಕು. ಎಣ್ಣೆ ಹಾಕುವ ಮೊದಲು ಎರಡು ಹನಿ ಬಿಡಿ. ಹನಿ ಬಿದ್ದೊಡನೆ ಚುರ್ ಎಂದು ಹಬ್ಬಿ ಆರಿದರೆ ಶಾಖ ಸಾಧಾರಣವಾಗಿದೆ. ಅದು ಪಾದರಸದಂತೆ ಗುಂಡಾಗಿ ಉರುಳಾಡತೊಡಗಿದರೆ ಮೇಲ್ಮೈ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ತಲುಪಿದೆ ಎಂದರ್ಥ, ಏಕೆಂದರೆ ಹನಿಯ ಅಡಿಯಲ್ಲೇ ಹುಟ್ಟುವ ಆವಿಯ ಪದರ ಅದನ್ನು ಲೋಹದಿಂದ ಎತ್ತಿ ಹಿಡಿದಿರುತ್ತದೆ. ಆ ಶಾಖದಲ್ಲಿ ಬೆಣ್ಣೆ ಕಪ್ಪಾಗುತ್ತದೆ, ಸಂಸ್ಕರಿಸದ ಎಣ್ಣೆಗಳು ಹೊಗೆಯಾಡುತ್ತವೆ. ಸಂಸ್ಕರಿಸಿದ ಸೂರ್ಯಕಾಂತಿ ಎಣ್ಣೆಯಂತಹವು ಮಾತ್ರ ತಡೆದುಕೊಳ್ಳುತ್ತವೆ. ಬಾಟಲಿಗೆ ಯಾವ ಎಣ್ಣೆ ತುಂಬಬೇಕೆಂಬ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಆರಂಭಕ್ಕೆ ಮೂರು ಬಾಟಲಿಗಳು ಸಾಕು: ನೀರು, ಎಣ್ಣೆ, ಸಾಸ್. ಆದರೆ ನೀರು ಮತ್ತು ಎಣ್ಣೆಯ ಬಾಟಲಿಗಳು ಎಂದಿಗೂ ಒಂದೇ ಬಗೆಯವಾಗಿರಕೂಡದು. ಹೆಸರು ಬರೆದ ಚೀಟಿಯನ್ನು ನಂಬಬೇಡಿ. ಜಿಡ್ಡಿಗೆ ಅದು ಅಳಿಸಿಹೋಗುತ್ತದೆ, ಅವಸರದಲ್ಲಿ ಯಾರೂ ಓದುವುದೂ ಇಲ್ಲ. ಗಾತ್ರ ಬೇರೆ, ಮುಚ್ಚಳದ ಬಣ್ಣ ಬೇರೆ, ಇಡುವ ಜಾಗವೂ ಬೇರೆ ಇರಲಿ. ಬಿಸಿ ಎಣ್ಣೆ ನಿಂತಿರುವ ಕಡೆ ಎಣ್ಣೆಯೆಂದು ತಿಳಿದು ನೀರು ಚಿಮ್ಮಿಸಿದರೆ ಆಗುವ ಸಿಡಿತ ನೇರವಾಗಿ ಮುಖದ ಎತ್ತರಕ್ಕೆ ಬರುತ್ತದೆ.

ಪ್ರಶ್ನೆ (ಮೊದಲು ಕೇಳಿದವರಿಂದ): ವಿವರಣೆಗೆ ಧನ್ಯವಾದಗಳು. ಕಾವಲಿಯ ಪಕ್ಕದ ಹಲಗೆಯ ಮೇಲಿಟ್ಟ ಒಂದು ಬಾಟಲಿಯ ತಳ ಈಗಾಗಲೇ ಮೆತ್ತಗಾಗಿ ಸೊಟ್ಟಗಾಗಿದೆ. ಬಾಟಲಿ ಕಳಪೆಯೇ, ಅಥವಾ ಎಲ್ಲವೂ ಹೀಗೆಯೇ?

ಉತ್ತರ: ಬಾಟಲಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ, ಅದನ್ನು ನೋಡಿ. ಸಲೀಸಾಗಿ ಹಿಂಡಲು ಬರುವ ಮೆತ್ತನೆಯ ಬಾಟಲಿಗಳು ಹೆಚ್ಚಾಗಿ 4 ಎಂಬ ಗುರುತಿನ, ಕಡಿಮೆ ಸಾಂದ್ರತೆಯ ಪಾಲಿಥೀನಿನವು. ಈ ಪ್ಲಾಸ್ಟಿಕ್ ಸುಮಾರು 110 ಡಿಗ್ರಿಯ ಸುತ್ತ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್; ಅದರ ಕರಗುವ ಬಿಂದು 160 ಡಿಗ್ರಿಯ ಆಸುಪಾಸು, ಆದರೆ ಕೈಗೆ ಸ್ವಲ್ಪ ಬಿರುಸು. ಕಾವಲಿಯೋ 200 ಡಿಗ್ರಿ ದಾಟುವಂಥದ್ದು. ಆದ್ದರಿಂದ ಎರಡರಲ್ಲಿ ಯಾವುದೇ ಆದರೂ ಮೂತಿ ಲೋಹಕ್ಕೆ ತಾಗಬಾರದು, ಕಾವಲಿಯ ಅಂಚಿಗೆ ಒರಗಿಸಿ ಇಡಲೂಬಾರದು. ಇನ್ನು, ಹೆಚ್ಚಿನ ಕಾವಲಿಗಳಲ್ಲಿ ಉರಿಯ ಬಿಸಿಗಾಳಿ ಹಿಂಬದಿಯ ಅಥವಾ ಪಕ್ಕದ ಸಂದಿನಿಂದ ಹೊರಬರುತ್ತದೆ. ಗಾಳಿ ಬೀಸಿದ ದಿನ ಅದು ಪಕ್ಕದ ಹಲಗೆಯ ಕಡೆಗೇ ತಿರುಗಬಹುದು. ನಿಮ್ಮಲ್ಲಿ ಹೀಗಾಗಿರಬಹುದೆಂದು ಊಹಿಸುತ್ತೇನೆ. ಆಕಾರ ಕೆಟ್ಟ ಬಾಟಲಿಯನ್ನು ಎಸೆದುಬಿಡಿ. ಹೊಸ ಬಾಟಲಿಗಳನ್ನು ಕಾವಲಿಯಿಂದ ಒಂದು ತೋಳಿನ ದೂರದಲ್ಲಿ, ಬೀಸುವ ಗಾಳಿ ಬರುವ ದಿಕ್ಕಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ನನ್ನ ಎಣ್ಣೆಯ ಬಾಟಲಿಯಲ್ಲಿ ಎಣ್ಣೆಯ ಹೊರತು ಬೇರೇನೂ ಇಲ್ಲ. ಮೊದಮೊದಲು ಸರಿಯಾಗಿಯೇ ಇದ್ದು, ಅಡುಗೆ ಅರ್ಧವಾಗುವ ಹೊತ್ತಿಗೆ ಅದರಿಂದ ಬಿಟ್ಟ ಎಣ್ಣೆ ಪಟಪಟನೆ ಸಿಡಿಯತೊಡಗುತ್ತದೆ. ಕಾರಣವೇನಿರಬಹುದು?

ಉತ್ತರ: ಬಹಳ ಜನರನ್ನು ಗೊಂದಲಗೊಳಿಸುವ ಸಂಗತಿಯಿದು. ಹಿಂಡಿದ ಬಾಟಲಿಯನ್ನು ಸಡಿಲಿಸಿದಾಗ ಅದು ತನ್ನ ಆಕಾರಕ್ಕೆ ಮರಳುತ್ತಾ ಮೂತಿಯ ಮೂಲಕ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇಯುತ್ತಿರುವ ಈರುಳ್ಳಿಯ ಮೇಲೆಯೇ ಮೂತಿ ಹಿಡಿದು ಸಡಿಲಿಸಿದರೆ ಒಳಗೆ ಹೋಗುವುದು ಬರಿಯ ಗಾಳಿಯಲ್ಲ, ಆವಿ. ಅದು ಬಾಟಲಿಯ ತಂಪಾದ ಒಳಗೋಡೆಗೆ ತಾಗಿ ಸಣ್ಣ ಹನಿಗಳಾಗಿ ಕಟ್ಟಿಕೊಳ್ಳುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ಹನಿಗಳು ಗೋಡೆಯ ಗುಂಟ ಜಾರಿ ತಳ ಸೇರುತ್ತವೆ. ಬಾಟಲಿಯನ್ನು ಬೆಳಕಿಗೆ ಎತ್ತಿ ಹಿಡಿದರೆ ತಳದ ಮೂಲೆಯಲ್ಲಿ ಗುಳ್ಳೆಯಂತೆ ಕಾಣುವ, ಅಲುಗಿಸಿದರೆ ಎಣ್ಣೆಯಡಿಯಲ್ಲೇ ಉರುಳುವ ಮಣಿಗಳು ಕಾಣಿಸುತ್ತವೆ. ಮುಂದಿನ ಬಾರಿ ಬಾಟಲಿಯನ್ನು ತಲೆಕೆಳಗು ಮಾಡಿದಾಗ ಅವೇ ಮಣಿಗಳು ಇಳಿದು ಮೂತಿಯ ಬಳಿ ಸೇರಿ ಎಣ್ಣೆಯೊಂದಿಗೆ ಕಾವಲಿಗೆ ಬೀಳುತ್ತವೆ. ಸಿಡಿಯುವುದು ಎಣ್ಣೆಯಲ್ಲ, ಆ ನೀರು.

ಇದಕ್ಕೆ ಪರಿಹಾರ ಕೈಯ ಅಭ್ಯಾಸದಲ್ಲಿದೆ. ಹಿಂಡುವುದನ್ನು ಮುಗಿಸಿದ ಮೇಲೆ ಹಿಡಿತವನ್ನು ಹಾಗೆಯೇ ಇಟ್ಟುಕೊಂಡು, ಬಾಟಲಿಯನ್ನು ನೆಟ್ಟಗೆ ಮಾಡಿ, ಆವಿಯಿಂದ ಪಕ್ಕಕ್ಕೆ ತಂದು, ಆನಂತರ ಬೆರಳು ಸಡಿಲಿಸಿ. ಮೂತಿಯಿಂದ ಹನಿ ತೊಟ್ಟಿಕ್ಕುವುದೂ ಇದರಿಂದಲೇ ನಿಲ್ಲುತ್ತದೆ. ಈಗ ನೀರು ಸೇರಿರುವ ಎಣ್ಣೆಯನ್ನು ಕಾವಲಿಗೆ ಬಳಸಬೇಡಿ. ತೊಳೆದ ಬಾಟಲಿಯನ್ನು ಸರಿಯಾಗಿ ಒಣಗಿಸದೆ ಎಣ್ಣೆ ತುಂಬಿದರೂ ಇದೇ ತೊಂದರೆಯಾಗುತ್ತದೆ, ಆದರೆ ಆಗ ಸಿಡಿತ ಮೊದಲ ಹಿಂಡಿನಲ್ಲೇ ಶುರುವಾಗುತ್ತದೆ. ನಿಮ್ಮದು ಅರ್ಧದಲ್ಲಿ ಶುರುವಾಗುವುದರಿಂದ ಆವಿಯದೇ ಕೆಲಸವೆಂದು ಹೇಳಬಲ್ಲೆ.

ಪ್ರಶ್ನೆ: ಕೊಬ್ಬಿಗೆ ಬೆಂಕಿ ಹತ್ತಿಕೊಂಡರೆ ನೀರಿನ ಬಾಟಲಿ ಕೈಯಲ್ಲೇ ಇರುವುದರಿಂದ ಅದನ್ನೇ ಚಿಮ್ಮಿಸಿ ಆರಿಸಬಹುದಲ್ಲವೇ?

ಉತ್ತರ: ಕೂಡದು. ಉರಿಯುವ ಜಿಡ್ಡಿಗೆ ಬಿದ್ದ ನೀರು ಅದರಡಿಗೆ ಇಳಿದು ತಕ್ಷಣ ಆವಿಯಾಗಿ, ಉರಿಯುತ್ತಿರುವ ಎಣ್ಣೆಯನ್ನೇ ಸುತ್ತಲೂ ಎರಚುತ್ತದೆ. ಕೈಗೆಟಕುವುದಾದರೆ ಗ್ಯಾಸ್ ನಿಲ್ಲಿಸಿ, ಲೋಹದ ಮುಚ್ಚಳದಿಂದ ಮುಚ್ಚಿ, ಆರುವವರೆಗೆ ತೆರೆಯಬೇಡಿ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಅಡುಗೆಯ ನಂತರ ಅಂಟಿದ್ದನ್ನು ಸಡಿಲಿಸಲು ನೀರು ಬಿಟ್ಟು ಕೆರೆಯುವುದು ಒಳ್ಳೆಯ ಕ್ರಮವೇ. ಆದರೆ ಮೊದಲು ಉರಿ ಆರಿಸಿ, ನಿಂತಿರುವ ಎಣ್ಣೆಯನ್ನು ಸ್ಕ್ರೇಪರ್‌ನಿಂದ ತಟ್ಟೆಗೆ ತಳ್ಳಿ, ಕಾವು ಸ್ವಲ್ಪ ಇಳಿದ ಮೇಲೆ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಕೆಂಪಗೆ ಕಾದಂತಿರುವ ಲೋಹಕ್ಕೆ ಒಮ್ಮೆಲೇ ತಣ್ಣೀರು ಸುರಿದರೆ ಉಕ್ಕಿನ ಹಲಗೆ ಡೊಂಕಾಗಬಹುದು, ಎರಕದ ಕಬ್ಬಿಣವಾದರೆ ಬಿರುಕು ಬಿಡಲೂಬಹುದು. ನೀರು ಪೂರ್ತಿ ಆರಿದ ಮೇಲೆ ಎಣ್ಣೆಯ ಬಾಟಲಿಯಿಂದ ಎರಡು ಗೆರೆ ಎಳೆದು, ಇಕ್ಕಳದಲ್ಲಿ ಹಿಡಿದ ಬಟ್ಟೆಯಿಂದ ತೆಳ್ಳಗೆ ಒರೆಸಿದರೆ ಪಳಗಿದ ಪದರ (ಎಣ್ಣೆ ಕಾದು ಲೋಹಕ್ಕೆ ಗಟ್ಟಿಯಾಗಿ ಹಿಡಿದುಕೊಂಡ ಕಪ್ಪು ಲೇಪ) ಉಳಿಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಹೊಳೆಯುವಷ್ಟು ಎಣ್ಣೆ ಉಳಿದಿದ್ದರೆ ಅದು ಹೆಚ್ಚಾಯಿತು. ಮುಂದಿನ ಬಾರಿ ಅಂಟಂಟಾಗುತ್ತದೆ.

ಪ್ರಶ್ನೆ (ಮೂರನೆಯ ಸದಸ್ಯರು): ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನೂ ಮನೆಯಲ್ಲೇ ಮಾಡಿದ ಸಾಸನ್ನೂ ಬಾಟಲಿಗಳಲ್ಲಿ ತುಂಬಿ ಕಾವಲಿಯ ಕೆಳಗಿನ ಕಪಾಟಿನಲ್ಲೇ ಇಟ್ಟುಕೊಳ್ಳಬಹುದೇ? ಸಾಸಿನ ಮೂತಿ ಪದೇ ಪದೇ ಕಟ್ಟಿಕೊಳ್ಳುವುದಕ್ಕೆ ಏನು ಮಾಡಬೇಕು?

ಉತ್ತರ: ಹಸಿ ಬೆಳ್ಳುಳ್ಳಿ ಹಾಕಿದ ಎಣ್ಣೆಯ ವಿಷಯದಲ್ಲಿ ನಾನು ಬಹಳ ಬಿಗಿ. ಬೆಳ್ಳುಳ್ಳಿಯ ಮೇಲೆ ಮಣ್ಣಿನಿಂದ ಬಂದ ಬೊಟುಲಿನಮ್ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಗಾಳಿಯಿಲ್ಲದ, ಹುಳಿಯಿಲ್ಲದ ಎಣ್ಣೆಯೊಳಗೆ, ಬೆಚ್ಚಗಿನ ಜಾಗದಲ್ಲಿ ಅವು ಬೆಳೆದು ಪ್ರಾಣಾಂತಿಕ ವಿಷವನ್ನು ಉತ್ಪಾದಿಸಬಲ್ಲವು, ಮತ್ತು ಬಣ್ಣದಿಂದಾಗಲಿ ವಾಸನೆಯಿಂದಾಗಲಿ ಅದು ತಿಳಿಯುವುದಿಲ್ಲ. ಅಂದಿಗೆ ಬೇಕಾದಷ್ಟನ್ನು ಅಂದೇ ಮಾಡಿ, ಉಳಿದದ್ದನ್ನು ಕೂಡಲೇ 4 ಡಿಗ್ರಿಯ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಿ. ಮೊಟ್ಟೆ ಅಥವಾ ಹಾಲಿನ ಅಂಶವಿರುವ ಸಾಸುಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹೊರಗಿನ ಶಾಖ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಕೆಳಗಿನ ಕಪಾಟು ಬರಿಯ ಎಣ್ಣೆಗೂ ಹೇಳಿದ ಜಾಗವಲ್ಲ, ಬಿಸಿಗೆ ಅದು ಬೇಗ ಕಮಟಾಗುತ್ತದೆ. ಹಳೆಯ ಎಣ್ಣೆಯ ಮೇಲೆ ಹೊಸದನ್ನು ತುಂಬುವ ಅಭ್ಯಾಸವನ್ನೂ ಬಿಡಿ. ತಳದ ಕಮಟು ಇಡೀ ಬಾಟಲಿಗೆ ಹತ್ತುತ್ತದೆ, ಒಮ್ಮೆ ಪ್ಲಾಸ್ಟಿಕ್ ಅದನ್ನು ಹೀರಿಕೊಂಡರೆ ತೊಳೆದರೂ ಹೋಗುವುದಿಲ್ಲ.

ಸಿಹಿ ಇರುವ ಸಾಸನ್ನು ಕೊನೆಯ ಒಂದೆರಡು ನಿಮಿಷಗಳಲ್ಲಿ ಮಾತ್ರ ಹಾಕಿ. ಸಕ್ಕರೆ 160 ಡಿಗ್ರಿ ದಾಟಿದೊಡನೆ ಕಂದುಗಟ್ಟತೊಡಗಿ, ಕಾವಲಿಯ ಶಾಖದಲ್ಲಿ ಕ್ಷಣಗಳಲ್ಲಿ ಕಹಿಯಾಗುತ್ತದೆ. ನಿಂಬೆ, ವಿನೆಗರ್‌ಗಳಂತಹ ಹುಳಿಯನ್ನು ಆಹಾರದ ಮೇಲೆಯೇ ಬಿಡಿ, ಲೋಹದ ಮೇಲೆ ನಿಂತರೆ ಪಳಗಿದ ಪದರವನ್ನು ಅದು ಕಿತ್ತುಹಾಕುತ್ತದೆ. ಹಸಿ ಮಾಂಸಕ್ಕೆ ಮೂತಿ ತಾಗಿದ ಬಾಟಲಿಯನ್ನು ಬೆಂದ ಆಹಾರದ ಬಳಿ ತರಬೇಡಿ.

ಮೂತಿ ಕಟ್ಟಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಸಾಸಿನಲ್ಲಿರುವ ಬೀಜ, ಸಿಪ್ಪೆ, ಒರಟು ಮಸಾಲೆಯೇ ಕಾರಣ. ತುಂಬುವ ಮುನ್ನ ಸಣ್ಣ ಜರಡಿಯಲ್ಲಿ ಸೋಸಿದರೆ ಬಹುಪಾಲು ಸಮಸ್ಯೆ ಮುಗಿಯಿತು. ಮೂತಿಯನ್ನು ಕತ್ತರಿಸುವಾಗ ಮೊದಲು ತುದಿಯಷ್ಟನ್ನೇ ಕತ್ತರಿಸಿ, ಸಾಲದಿದ್ದರೆ ಇನ್ನಷ್ಟು. ಎಣ್ಣೆಗೆ 2 ಮಿಲಿಮೀಟರ್ ತೂತು ಸಾಕು, ಗಟ್ಟಿ ಸಾಸಿಗೆ 4 ಅಥವಾ 5. ತೊಳೆಯುವಾಗ ಮುಚ್ಚಳದ ತಿರುಪಿನ ಸುತ್ತು ಮತ್ತು ಮೂತಿಯ ಒಳಭಾಗಕ್ಕೆ ಸಣ್ಣ ಬ್ರಷ್ ಹಾಕಲೇಬೇಕು, ಏಕೆಂದರೆ ಹಳೆಯ ಸಾಸು ಕೂರುವುದು ಅಲ್ಲಿಯೇ. ಆಮೇಲೆ ಮುಚ್ಚಳ ಬಿಚ್ಚಿ, ಬಾಟಲಿಯನ್ನು ಬೋರಲು ಹಾಕಿ, ಒಳಗೆ ಒಂದು ಹನಿಯೂ ಉಳಿಯದಂತೆ ಒಣಗಿಸಿ. ಅಗಲ ಬಾಯಿಯ ಬಾಟಲಿಗಳಾದರೆ ಈ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ. ಕೊಳ್ಳುವಾಗಲೇ ನಿಮ್ಮ ಬ್ರಷ್ ಒಳಗೆ ಇಳಿಯುತ್ತದೆಯೇ ಎಂದು ನೋಡಿಕೊಳ್ಳಿ.