ಅಪ್‌ಡೇಟ್: ಅಮ್ಮನೊಂದಿಗೆ ಗೋಕರ್ಣದ ಗುಡ್ಡದ ಮೇಲಿನ ವಸತಿ

ಮೊಣಕಾಲು ನೋವಿರುವ ಅಮ್ಮನನ್ನು ಕರೆದುಕೊಂಡು ಗೋಕರ್ಣದಲ್ಲಿ ಸಮುದ್ರ ಕಾಣುವ, ಗದ್ದಲವಿಲ್ಲದ ಗುಡ್ಡದ ಮೇಲಿನ ಅತಿಥಿಗೃಹದಲ್ಲಿ ಉಳಿಯಬಹುದೇ ಎಂದು ನಾನು ಕೇಳಿದ್ದೆ. ಬಾಡಿಗೆಗಿಂತ ಮೊದಲು ಮೆಟ್ಟಿಲುಗಳ ಬಗ್ಗೆ ವಿಚಾರಿಸಿ ಎಂದು ಹಲವರು ತಿಳಿಸಿದ್ದಿರಿ. ನಿಮಗೆಲ್ಲ ಹೃತ್ಪೂರ್ವಕ ಧನ್ಯವಾದಗಳು.

ಕುಡ್ಲೆ ಕಡಲತೀರದ ಸುತ್ತಲಿನ ಗುಡ್ಡಗಳು ನೀರಿನತ್ತ ಕಡಿದಾಗಿ ಇಳಿಯುವುದರಿಂದ, ವಾಹನವನ್ನು ಮೇಲೆಯೇ ನಿಲ್ಲಿಸಿ, ಸಾಮಾನು ಹೊತ್ತು ಚಿರೇಕಲ್ಲಿನ ಮೆಟ್ಟಿಲುಗಳನ್ನು ಇಳಿಯಬೇಕಾದ ವಸತಿಗಳು ಅಲ್ಲಿ ಸಾಕಷ್ಟಿವೆ. ಆದ್ದರಿಂದ ರಸ್ತೆಯ ಮಟ್ಟದಲ್ಲೇ ಕೋಣೆಯಿರುವ, ಪಶ್ಚಿಮಕ್ಕೆ ಜಗಲಿಯಿರುವ ಮನೆಯೊಂದನ್ನು ಫೋನಿನಲ್ಲಿ ವಿಚಾರಿಸಿಯೇ ಗೊತ್ತುಮಾಡಿದೆವು. ಅಮ್ಮ ಮರಳಿಗೆ ಇಳಿದದ್ದು ಕಡಿಮೆ. ಆದರೆ ಬೆಳಗಿನ ಮೀನುಗಾರಿಕೆ ದೋಣಿಗಳಿಂದ ಹಿಡಿದು ಸೂರ್ಯ ಮುಳುಗುವವರೆಗೆ ಅರಬ್ಬೀ ಸಮುದ್ರದ ಬಣ್ಣ ಬದಲಾಗುವುದನ್ನು ಜಗಲಿಯಲ್ಲೇ ಕುಳಿತು ನೋಡಿದರು, ಮತ್ತು ಅವರನ್ನು ಅಷ್ಟು ನಿರಾಳವಾಗಿ ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಮಹಾಬಲೇಶ್ವರ ದೇವಸ್ಥಾನಕ್ಕೆ ಬೆಳಿಗ್ಗೆ ಬೇಗನೆ ಆಟೊದಲ್ಲಿ ಹೋಗಿಬಂದೆವು. ಓಂ ಕಡಲತೀರವನ್ನು ಮೇಲಿನಿಂದಲೇ ನೋಡಿದರೂ ಅದರ ಆಕಾರ ಚೆನ್ನಾಗಿ ತಿಳಿಯುತ್ತದೆ. ಹಾಫ್ ಮೂನ್ ತೀರಕ್ಕೆ ಕಾಲುದಾರಿ ಇಲ್ಲವೇ ದೋಣಿಯೇ ಗತಿಯಾದ್ದರಿಂದ ಅದನ್ನು ಕೈಬಿಟ್ಟೆವು.

ವಯಸ್ಸಾದವರೊಂದಿಗೆ ಹೋಗುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ತಪ್ಪಿಸುವುದು ಒಳ್ಳೆಯದು, ಏಕೆಂದರೆ ಪಾಚಿ ಹಿಡಿದ ಚಿರೇಕಲ್ಲು ಬಹಳ ಜಾರುತ್ತದೆ. ರೈಲಿನಲ್ಲಿ ಬರುವವರು ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ದೂರವಿರುವುದನ್ನು ಗಮನಿಸಿ, ರಾತ್ರಿ ಇಳಿಯುವುದಾದರೆ ವಾಹನವನ್ನು ವಸತಿಯವರ ಮೂಲಕ ಮೊದಲೇ ಹೇಳಿಡಬೇಕು.